ತುಮಕೂರಿನ ದಾವೆ, ಹೈಕೋರ್ಟಿನ ಪ್ರಶ್ನೆ: ಎರಡನೇ ಮೇಲ್ಮನವಿ ಸಿದ್ಧಪಡಿಸುವ ಬಗೆ

ಜಮೀನಿನ ದಾವೆಯಲ್ಲಿ ಎರಡು ಕೋರ್ಟಿನಲ್ಲೂ ಸೋತವರು ಕೇಳುವುದು ಒಂದೇ ಮಾತು: "ಸಾರ್, ಹೈಕೋರ್ಟಿಗೆ ಹಾಕೋಣ್ವಾ?" ಉತ್ತರ ಕೊಡುವ ಮೊದಲು ನಾನು ಎರಡೂ ತೀರ್ಪುಗಳನ್ನು ತರಿಸಿ ಓದುತ್ತೇನೆ. ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮಿನಡಿ ಸಲ್ಲಿಸುವ ಆರ್‌ಎಸ್‌ಎ, ಅಂದರೆ ಎರಡನೇ ಮೇಲ್ಮನವಿ, ಸಾರಭೂತ ಕಾನೂನು ಪ್ರಶ್ನೆ ಇದ್ದರೆ ಮಾತ್ರ ನಿಲ್ಲುತ್ತದೆ. ನಮ್ಮ ಸಾಕ್ಷಿಯನ್ನು ನಂಬಬೇಕಿತ್ತು, ನಂಬಲಿಲ್ಲ ಎಂಬ ತಕರಾರಿಗೆ ಅಲ್ಲಿ ಜಾಗವಿಲ್ಲ.

ಮೊದಲು ದಿನದ ಲೆಕ್ಕ. ಮೊದಲ ಮೇಲ್ಮನವಿಯ ಡಿಕ್ರಿ, ಅಂದರೆ ತೀರ್ಪಿನಂತೆ ಹೊರಡುವ ವಿಧ್ಯುಕ್ತ ಆದೇಶ, ಆದ ದಿನದಿಂದ 90 ದಿನ ಕಾಲಾವಕಾಶ. ದೃಢೀಕೃತ ನಕಲು ಸಿಗಲು ಹಿಡಿದ ದಿನಗಳನ್ನು ಕಾಲಮಿತಿ ಕಾಯ್ದೆಯ 12ನೇ ಕಲಮಿನಡಿ ಕಳೆಯಬಹುದು. ಆದರೆ ನಕಲಿಗೆ ಅರ್ಜಿ ಹಾಕುವ ಮುಂಚೆ ಕಳೆದುಹೋದ ದಿನಗಳು, ಕೋರ್ಟಿನಲ್ಲಿ ಡಿಕ್ರಿ ಇನ್ನೂ ತಯಾರಾಗಿರಲಿಲ್ಲ ಎಂದರೂ, ನಮ್ಮ ಲೆಕ್ಕಕ್ಕೇ ಬೀಳುತ್ತವೆ. ಹಾಗಾಗಿ ತೀರ್ಪು ಬಂದ ದಿನವೇ ನಕಲು ಅರ್ಜಿ ಹಾಕುತ್ತೇನೆ, ವಿಚಾರಣಾ ನ್ಯಾಯಾಲಯದ ತೀರ್ಪಿಗೂ ಸೇರಿಸಿ. ತಡವಾದರೆ, ವಿಳಂಬ ಮನ್ನಿಸಿ ಎಂದು ಅದೇ ಕಾಯ್ದೆಯ 5ನೇ ಕಲಮಿನಡಿ ಹಾಕುವ ಅರ್ಜಿಯ ಅಫಿಡವಿಟ್‌ನಲ್ಲಿ "ಆರೋಗ್ಯ ಸರಿ ಇರಲಿಲ್ಲ" ಎಂದಷ್ಟೇ ಬರೆದರೆ ಸಾಲದು. ಯಾವ ದಿನದಿಂದ ಯಾವ ದಿನದವರೆಗೆ, ವೈದ್ಯರ ಚೀಟಿ ಎಲ್ಲಿ ಎಂಬುದೂ ಇರಬೇಕು.

ನನ್ನ ಹೆಚ್ಚಿನ ಸಮಯ ಹೋಗುವುದು ಪ್ರಶ್ನೆ ಬರೆಯುವುದರಲ್ಲಿ. ಗುಬ್ಬಿ ಕಡೆಯ ತೆಂಗಿನ ತೋಟದ ದಾವೆ ಎಂದುಕೊಳ್ಳಿ. "ಎರಡೂ ನ್ಯಾಯಾಲಯಗಳು ಸಾಕ್ಷ್ಯವನ್ನು ಸರಿಯಾಗಿ ಪರಿಶೀಲಿಸದೆ ದಾವೆ ವಜಾ ಮಾಡಿದ್ದು ಸರಿಯೇ?" ಎಂದು ಬರೆದರೆ ಅದು ಯಾವ ಕಡತಕ್ಕೂ ಹೊಂದುತ್ತದೆ, ಆದ್ದರಿಂದ ಯಾವುದಕ್ಕೂ ಉಪಯೋಗವಿಲ್ಲ. ಅದನ್ನೇ ಹೀಗೆ ಬರೆಯುತ್ತೇನೆ: "ವಾದಿಯ ನೋಂದಾಯಿತ ಕ್ರಯಪತ್ರ ನಿಪಿ-1 ಸಾಬೀತಾಗಿರುವಾಗ, ಅದನ್ನು ಚರ್ಚಿಸದೆ ಕೇವಲ ಪಹಣಿ ನಮೂದಿನ ಮೇಲೆ ಪ್ರತಿವಾದಿಗೆ ಹಕ್ಕಿದೆ ಎಂದದ್ದು ಕಾನೂನುಸಮ್ಮತವೇ?" (ನಿಪಿ-1 ಎಂದರೆ ವಾದಿಯ ಕಡೆಯಿಂದ ಗುರುತಿಸಿದ ಮೊದಲ ದಾಖಲೆ.) ಭೂಕಂದಾಯ ಕಾಯ್ದೆಯ 133ನೇ ಕಲಮು ಪಹಣಿಗೆ ಕೊಡುವುದು ಪೂರ್ವಭಾವನೆಯನ್ನಷ್ಟೇ, ಅದನ್ನು ಅಲ್ಲಗಳೆಯಬಹುದು, ಹಕ್ಕು ಅದರಿಂದ ಹುಟ್ಟುವುದಿಲ್ಲ. ದಾಖಲೆಯ ಸಂಖ್ಯೆ, ತೀರ್ಪಿನ ಪ್ಯಾರಾ ಸಂಖ್ಯೆ, ಕಾಯ್ದೆಯ ಕಲಮು, ಈ ಮೂರೂ ಪ್ರಶ್ನೆಯೊಳಗೋ ಪಕ್ಕದಲ್ಲೋ ಇರಬೇಕು. ಎರಡು ಪ್ರಶ್ನೆ ಸಾಕು, ಮೂರಾದರೆ ಹೆಚ್ಚು. ಹನ್ನೆರಡು ಪ್ರಶ್ನೆ ಬರೆದ ಮನವಿಯಲ್ಲಿ ನಿಜವಾದದ್ದು ಎಲ್ಲಿದೆಯೆಂದು ನ್ಯಾಯಮೂರ್ತಿಗಳೇ ಹುಡುಕಬೇಕಾಗುತ್ತದೆ.

ಹೆಣ್ಣುಮಕ್ಕಳ ಪಾಲಿನ ದಾವೆಯಲ್ಲಿ, ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ಕ್ಕಿಂತ ಮೊದಲೇ ತಂದೆ ತೀರಿಕೊಂಡಿದ್ದರೆಂಬ ಕಾರಣಕ್ಕೇ ಮಗಳಿಗೆ ಪಾಲು ನಿರಾಕರಿಸಿದ್ದರೆ ಪ್ರಶ್ನೆ ಸಿದ್ಧವಾಗಿಯೇ ಇರುತ್ತದೆ: ಸುಪ್ರೀಂ ಕೋರ್ಟಿನ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಆ ವಾದವನ್ನು ಮುಗಿಸಿದೆ. ಆದರೂ 2004ರ ಡಿಸೆಂಬರ್ 20ಕ್ಕಿಂತ ಮುಂಚಿನ ನೋಂದಾಯಿತ ವಿಭಾಗಪತ್ರ ಇದೆಯೇ ಎಂದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಡದೆ ನಾನು ಮುಂದುವರಿಯುವುದಿಲ್ಲ, ಅಂಥ ವಿಭಾಗವನ್ನು ಆ ತಿದ್ದುಪಡಿ ಮುಟ್ಟುವುದಿಲ್ಲ.

ಮೊದಲ ಮೇಲ್ಮನವಿಯ ತೀರ್ಪಿನಲ್ಲಿ ನಿರ್ಣಯಿಸಬೇಕಾದ ಅಂಶಗಳನ್ನೇ ರೂಪಿಸದೆ "ಕೆಳನ್ಯಾಯಾಲಯದ ತೀರ್ಪು ಸರಿಯಿದೆ" ಎಂದು ಮುಗಿಸಿದ್ದರೆ, ಸಿಪಿಸಿಯ ಆದೇಶ 41 ನಿಯಮ 31ರ ಉಲ್ಲಂಘನೆ ಬಲವಾದ ಆಧಾರ. ಆದರೆ ಗೆದ್ದರೂ ಸಾಮಾನ್ಯವಾಗಿ ಸಿಗುವುದು ಮರುವಿಚಾರಣೆ. ಕಡತ ಮತ್ತೆ ತುಮಕೂರಿಗೇ ಬರುತ್ತದೆ. ಕಕ್ಷಿದಾರರಿಗೆ ಇದನ್ನು ಫೀಸಿನ ಮಾತಿಗಿಂತ ಮೊದಲೇ ಹೇಳಬೇಕು.

ಪೀಠದಲ್ಲಿ ಕೂತವರು ಎಲ್ಲಿಂದ ಬಂದವರು ಎಂಬುದನ್ನೂ ಗಮನಿಸುತ್ತೇನೆ. ಸಂವಿಧಾನದ 217ನೇ ವಿಧಿಯಂತೆ ಹೈಕೋರ್ಟ್ ನ್ಯಾಯಮೂರ್ತಿ ಆಗುವುದಕ್ಕೆ ಹತ್ತು ವರ್ಷ ಹೈಕೋರ್ಟ್ ವಕೀಲಿಕೆ, ಇಲ್ಲವೇ ಹತ್ತು ವರ್ಷ ನ್ಯಾಯಾಂಗ ಹುದ್ದೆ ಬೇಕು. ನಾನು ಕಂಡಂತೆ, ಜಿಲ್ಲಾ ನ್ಯಾಯಾಧೀಶರಾಗಿದ್ದವರು ವಿವಾದಾಂಶಗಳನ್ನೂ ಪಾಟೀಸವಾಲನ್ನೂ ಮೊದಲು ತಿರುವಿಹಾಕುತ್ತಾರೆ, ವಕೀಲಿಕೆಯಿಂದ ಬಂದವರು "ಪ್ರಶ್ನೆ ಏನು?" ಎಂದೇ ಶುರುಮಾಡುತ್ತಾರೆ. ಅಡ್ಮಿಷನ್ ಹಂತದಲ್ಲಿ ಸಿಗುವುದು ಕೆಲವೇ ನಿಮಿಷ. ಒಂದೇ ಪುಟದ ದಿನಾಂಕಪಟ್ಟಿ ಮತ್ತು ವಂಶವೃಕ್ಷ ಇಬ್ಬರಿಗೂ ಅನುಕೂಲ.

ಭಾಷಾಂತರವನ್ನು ಟೈಪಿಸ್ಟ್‌ಗೆ ಬಿಡಬಾರದು. ನಮ್ಮ ಕೋರ್ಟಿನ ಸಾಕ್ಷ್ಯ ಕನ್ನಡದಲ್ಲಿ, ಹೈಕೋರ್ಟಿನ ಮನವಿ ಇಂಗ್ಲಿಷಿನಲ್ಲಿ. "ಸಾಗುವಳಿ ಮಾಡುತ್ತಿದ್ದರು" ಎಂದ ಸಾಕ್ಷಿಯ ಮಾತು ಇಂಗ್ಲಿಷಿನಲ್ಲಿ "ಸ್ವಾಧೀನದಲ್ಲಿದ್ದರು" ಎಂದಾದರೆ ದಾವೆಯೇ ಬದಲಾಗುತ್ತದೆ. ಸಾಗುವಳಿಯನ್ನು ಬೆಳೆಯ ಪಾಲಿಗೆ ದುಡಿಯುವ ವಾರದಾರನೂ ಮಾಡಬಹುದು. ನಿರ್ಣಾಯಕ ಸಾಲುಗಳ ಮೂಲ ಕನ್ನಡವನ್ನು ಅನುವಾದದ ಜೊತೆಗೇ ಕೊಡುತ್ತೇನೆ. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕನ್ನಡದಲ್ಲೇ ತೀರ್ಪು ಕೊಟ್ಟಾಗ ಆದ ಸಂತೋಷ ಇನ್ನೂ ಇದೆ, ಆದರೆ ಅನುವಾದದ ಕೆಲಸ ಇನ್ನೂ ಕಡಿಮೆಯಾಗಿಲ್ಲ.

ಹಳ್ಳಿಯ ಪಾಲಿನ ದಾವೆಗಳು ಕೆಡುವುದು ಸಾವುಗಳಿಂದ. ಕಕ್ಷಿದಾರರೊಬ್ಬರು ತೀರಿಕೊಂಡರೆ 90 ದಿನದೊಳಗೆ ವಾರಸುದಾರರನ್ನು ಸೇರಿಸಬೇಕು. ತಪ್ಪಿದರೆ ಅವರ ಮಟ್ಟಿಗೆ ಪ್ರಕರಣ ಅಬೇಟ್ ಆಗುತ್ತದೆ, ಅಂದರೆ ತಾನಾಗಿ ಕೊನೆಗೊಳ್ಳುತ್ತದೆ, ಅದನ್ನು ತೆಗೆಸಲು ಮತ್ತೆ 60 ದಿನ. ಪಾಲಿನ ಡಿಕ್ರಿ ಬಿಡಿಸಲಾಗದ್ದಾದ್ದರಿಂದ ಒಬ್ಬರ ವಾರಸುದಾರರು ಬಿಟ್ಟುಹೋದರೂ ಇಡೀ ಮೇಲ್ಮನವಿ ಬೀಳಬಹುದು. ವಕಾಲತ್ತಿಗೆ ಸಹಿ ಹಾಕಿಸುವಾಗಲೇ ಪ್ರತಿಯೊಬ್ಬರೂ ಬದುಕಿದ್ದಾರೆಯೇ ಎಂದು ಹೆಸರು ಹಿಡಿದು ಕೇಳುತ್ತೇನೆ.

ಮೇಲ್ಮನವಿ ಹಾಕಿದೊಡನೆ ಕೆಳಗಿನ ಡಿಕ್ರಿ ನಿಲ್ಲುವುದಿಲ್ಲ. ಆದೇಶ 41 ನಿಯಮ 5ರಡಿ ತಡೆಯಾಜ್ಞೆ ಅರ್ಜಿ ಜೊತೆಗೇ ಹೋಗಬೇಕು, ಎದುರಾಳಿ ಕೇವಿಯಟ್ (ತಮ್ಮನ್ನು ಕೇಳದೆ ಆದೇಶ ಮಾಡಬೇಡಿ ಎಂಬ ಮುನ್ನರ್ಜಿ) ಹಾಕಿದ್ದರೆ ಅವರಿಗೆ ಪ್ರತಿ ಮುಟ್ಟಿರಬೇಕು. ಆದೇಶ ಸಿಕ್ಕ ದಿನವೇ ಅದರ ಪ್ರತಿಯನ್ನು ಡಿಕ್ರಿಯ ಅಮಲ್ಜಾರಿ (ಜಾರಿ ಪ್ರಕ್ರಿಯೆ) ನಡೆಯುತ್ತಿರುವ ಕೋರ್ಟಿಗೆ ಮೆಮೊ ಸಹಿತ ಹಾಜರುಪಡಿಸುತ್ತೇನೆ. ಕೋರ್ಟಿನ ಅಮೀನರು ಜಮೀನನ್ನು ಕಬ್ಜೆಗೆ ತೆಗೆದುಕೊಳ್ಳಲು ಹೊರಡುವ ಮುಂಚೆ ಅದು ಕಡತ ಸೇರಿರಬೇಕು.