ಒಂಬತ್ತು ಅಡಿ ಒಂಬತ್ತು ಇಂಚು

ಮಂಗಳೂರಿಗೆ ಡಿಗ್ರಿಗೆ ಸೇರಿದ ಮೊದಲ ವಾರ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ನಾನು ಎಸೆದ ಚೆಂಡೆಲ್ಲ ರಿಂಗಿನ ಮುಂದಂಚಿಗೆ ಬಡಿದು ಟಣ್ ಎಂದು ನನ್ನ ಕಡೆಗೇ ವಾಪಸು ಬರುತ್ತಿತ್ತು. ಊರಿನಲ್ಲಿ ಕಣ್ಣು ಮುಚ್ಚಿ ಹಾಕುತ್ತಿದ್ದ ಶಾಟ್ ಅದು. 2009ನೇ ಇಸವಿ. ಹಾಸ್ಟೆಲಿನ ಊಟ ಹಿಡಿಸುತ್ತಿಲ್ಲವೋ ಏನೋ ಎಂದುಕೊಂಡೆ. ಸೀನಿಯರ್ ಒಬ್ಬಳು ನಾಲ್ಕು ದಿನ ಸುಮ್ಮನೆ ನೋಡಿ, "ನಿನ್ನ ಕೈ ಸರಿ ಉಂಟು ಮಾರಾಯ್ತಿ, ನಿಮ್ಮೂರಿನ ರಿಂಗೇ ಗಿಡ್ಡ ಇರಬೇಕು" ಅಂದಳು.

ನಗು ಬಂತು. ಆದರೂ ಆ ಶನಿವಾರ ಉಡುಪಿ ಹತ್ತಿರದ ನಮ್ಮೂರಿಗೆ ಬಂದವಳು, ಗಾರೆ ಕೆಲಸದ ಚಿಕ್ಕಪ್ಪನ ಟೇಪ್ ಎತ್ತಿಕೊಂಡು ಶಾಲೆಯ ಮೈದಾನಕ್ಕೆ ಹೋದೆ. ತಮ್ಮ ಕಂಬ ಹತ್ತಿ ಟೇಪಿನ ತುದಿಯನ್ನು ರಿಂಗಿಗೆ ಸಿಕ್ಕಿಸಿದ. ಕೆಳಗೆ ಕುಕ್ಕರಗಾಲಲ್ಲಿ ಕೂತು ಓದಿದೆ: ಒಂಬತ್ತು ಅಡಿ ಒಂಬತ್ತು ಇಂಚು. ಇರಬೇಕಾದದ್ದು ಹತ್ತು ಅಡಿ, ಅಂದರೆ 3.05 ಮೀಟರ್. 1891ರಲ್ಲಿ ಈ ಆಟ ಹುಟ್ಟಿಸಿದ ಜೇಮ್ಸ್ ನೈಸ್ಮಿತ್ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜಿಮ್ಮಿನ ಬಾಲ್ಕನಿಗೆ ಪೀಚ್ ಹಣ್ಣಿನ ಬುಟ್ಟಿ ಹೊಡೆದಂದಿನಿಂದ ಆ ಎತ್ತರ ಬದಲಾಗಿಲ್ಲ. ನಮ್ಮ ಶಾಲೆಯಲ್ಲೂ ರಿಂಗೇನೂ ಇಳಿದಿರಲಿಲ್ಲ, ನೆಲ ಏರಿತ್ತು. ಪ್ರತಿ ಮಳೆಗಾಲ ಅಂಗಳವನ್ನು ಕೊರೆದು ಹೋಗುತ್ತದೆ, ದಸರಾ ರಜೆಯಲ್ಲಿ ಒಂದು ಪಿಕಪ್ ಕೆಂಪುಮಣ್ಣು ಸುರಿದು ಸಮ ಮಾಡುತ್ತಾರೆ. ಮಳೆ ಒಯ್ದದ್ದಕ್ಕಿಂತ ಪಿಕಪ್ ತಂದದ್ದು ಸ್ವಲ್ಪ ಜಾಸ್ತಿ. ವರ್ಷಕ್ಕೆ ಕಾಲು ಇಂಚಿನ ಹಾಗೆ, ಯಾರಿಗೂ ಗೊತ್ತಾಗದ ಹಾಗೆ.

ಐದು ವರ್ಷ ನಾನು ಮೂರು ಇಂಚು ತಪ್ಪಾಗಿ ಕಲಿತಿದ್ದೆ.

ಈ ಆಟಕ್ಕೆ ಬಂದದ್ದೇ ಎತ್ತರದಿಂದ. ಎಂಟನೇ ಕ್ಲಾಸಿನಲ್ಲೇ ಐದು ಅಡಿ ಏಳು ಇಂಚು ಇದ್ದೆ. ಕೇರಿಯಲ್ಲಿ ನನಗೆ ದೋಟಿ ಎಂದೇ ಹೆಸರು. ಪೇರಳೆ ಕೊಯ್ಯಬೇಕಾದರೆ ನನ್ನನ್ನು ಕರೆಯುವುದು. ನಮ್ಮ ಕಡೆ ಉದ್ದ ಇದ್ದವರನ್ನೆಲ್ಲ ವಾಲಿಬಾಲಿಗೆ ಎಳೆಯುತ್ತಾರೆ, ಗಟ್ಟಿ ಇದ್ದವರನ್ನು ಕಬಡ್ಡಿಗೆ. ನಮ್ಮ ಪಿಟಿ ಮಾಸ್ತರರಿಗೆ ಯಾಕೋ ಬಾಸ್ಕೆಟ್‌ಬಾಲ್ ಹುಚ್ಚು. ಒಂದೇ ಕಂಬ, ಉಪ್ಪುಗಾಳಿಗೆ ತುಕ್ಕು ಹಿಡಿದ ರಿಂಗ್, ನೆಟ್ ಇಲ್ಲ. ನೆಟ್ ಇಲ್ಲದಿದ್ದರೆ ದೂರದಿಂದ ಚೆಂಡು ಒಳಗೆ ಬಿತ್ತೋ ಪಕ್ಕದಲ್ಲಿ ಹೋಯಿತೋ ಹೇಳಲಿಕ್ಕಾಗುವುದಿಲ್ಲ, ಅರ್ಧ ಆಟ ಜಗಳದಲ್ಲೇ ಮುಗಿಯುತ್ತಿತ್ತು.

ಜೂನ್ ಬಂತೆಂದರೆ ಅದೂ ಇಲ್ಲ. ಕೋರ್ಟಿನ ಮೇಲೆ ಪಾಚಿ, ಕಾಲಿಟ್ಟರೆ ಜಾರುವುದು. ಆ ನಾಲ್ಕು ತಿಂಗಳು ಮನೆಯ ಚಾವಡಿಯಲ್ಲಿ ಡ್ರಿಬಲ್ ಮಾಡುತ್ತಿದ್ದೆ. ಕೆಂಪು ರೆಡ್‌ಆಕ್ಸೈಡ್ ನೆಲ, ಮಳೆಗಾಲದಲ್ಲಿ ಬೆವರಿ ಒದ್ದೆ. ಚೆಂಡು ಪುಟಿಯುವುದು ಕಡಿಮೆ, ಜಾರುವುದು ಜಾಸ್ತಿ, ಹಾಗಾಗಿ ಮೊಣಕಾಲಿನ ಕೆಳಗೇ ಇಟ್ಟುಕೊಳ್ಳಬೇಕು. ಬಲಗಡೆ ಅಜ್ಜಿಯ ಮಂಚ, ಆದ್ದರಿಂದ ಎಡಗೈಯಲ್ಲಿ. ಮಂಚಕ್ಕೆ ಚೆಂಡು ತಾಗಿದರೆ ಆ ದಿನದ ಅಭ್ಯಾಸ ಅಲ್ಲಿಗೆ ಮುಗಿಯಿತು. ಅಜ್ಜಿಗಿಂತ ಕಟ್ಟುನಿಟ್ಟಿನ ಕೋಚ್ ನನಗೆ ಆಮೇಲೆ ಚೆನ್ನೈಯಲ್ಲೂ ಸಿಗಲಿಲ್ಲ.

ಮಂಗಳೂರಿನಲ್ಲಿ ಆ ಮೂರು ಇಂಚು ಸರಿಮಾಡಲು ಐದು ತಿಂಗಳು ಹಿಡಿಯಿತು. ಜೋರಾಗಿ ಎಸೆದರೆ ಆಯಿತಲ್ಲ ಎನಿಸುತ್ತದೆ. ಹಾಗೆ ಎಸೆದರೆ ಚೆಂಡು ಚಪ್ಪಟೆಯಾಗಿ ಹೋಗಿ ಹಿಂದಿನ ಅಂಚಿಗೆ ಬಡಿಯುತ್ತದೆ. ಮಾಡಬೇಕಾದದ್ದು ಬೇರೆ: ಮೊಣಕಾಲು ಇನ್ನಷ್ಟು ಬಾಗಿಸಿ, ಮೊಣಕೈಯನ್ನು ಚೆಂಡಿನ ಅಡಿಗೇ ತಂದು, ಕಾಲಿನಿಂದ ಎದ್ದ ಬಲವನ್ನು ಬೆರಳಿನ ತುದಿಯವರೆಗೆ ಒಂದೇ ಉಸಿರಿನಲ್ಲಿ ಒಯ್ಯಬೇಕು. ಕೊನೆಗೆ ಮಣಿಕಟ್ಟು ಬಾವಿಗೆ ಇಣುಕಿದ ಹಾಗೆ ಮುಂದಕ್ಕೆ ಬಾಗಿ ಅಲ್ಲೇ ನಿಲ್ಲಬೇಕು. ಚೆಂಡು ಹಿಮ್ಮುಖ ತಿರುಗುತ್ತಾ ಎತ್ತರಕ್ಕೆ ಏರಿ ಮೇಲಿನಿಂದ ಇಳಿಯುತ್ತದೆ. ಮೇಲಿನಿಂದ ಇಳಿದ ಚೆಂಡಿಗೆ ರಿಂಗ್ ಅಗಲ ಕಾಣುತ್ತದೆ. ಬೆಳಿಗ್ಗೆ ಆರಕ್ಕೆ ನೂರು, ಸಂಜೆ ನೂರು. ಎಣಿಸುವುದು ಹಾಕಿದ್ದನ್ನಲ್ಲ, ಬಿದ್ದದ್ದನ್ನು.

ಅದು ಸರಿಹೋಗುವಷ್ಟರಲ್ಲಿ ಇಂಟರ್‌ಕಾಲೇಜ್ ಟೂರ್ನಿ ಬಂತು, ಕೈಗೆ ಬೇರೆಯೇ ಚೆಂಡು ಕೊಟ್ಟರು. ಹೆಂಗಸರು ಆಡುವುದು 6ನೇ ನಂಬರ್ ಚೆಂಡು, ಗಂಡಸರದ್ದು 7. ಊರಿನಲ್ಲೂ ಕಾಲೇಜಿನ ಪ್ರಾಕ್ಟೀಸಿನಲ್ಲೂ ಹುಡುಗರು ಬಿಟ್ಟ 7ನೇ ನಂಬರಿನಲ್ಲೇ ನಮ್ಮ ಆಟ. 6 ಸುತ್ತಳತೆಯಲ್ಲಿ ಎರಡು-ಮೂರು ಸೆಂಟಿಮೀಟರ್ ಸಣ್ಣದು, ತೂಕದಲ್ಲೂ ಹಗುರ. ಮೊದಲ ಪಂದ್ಯದಲ್ಲಿ ನನ್ನ ಶಾಟುಗಳು ರಿಂಗಿನ ಹಿಂದಿನ ಹಲಗೆಯ ಮೇಲ್ಗಡೆ ಹೋಗಿ ಬಿದ್ದವು. ಗ್ಯಾಲರಿಯಲ್ಲಿದ್ದ ಹುಡುಗರು ಪ್ರತಿ ಸಲ ಎದ್ದು ಚಪ್ಪಾಳೆ ತಟ್ಟಿದರು.

ಮರುವರ್ಷ ಗೆರೆಯೇ ಸರಿಯಿತು. 2010ರಲ್ಲಿ ಆಟದ ಅಂತರರಾಷ್ಟ್ರೀಯ ಸಂಸ್ಥೆ ಫೀಬಾ, ಆಚೆ ನಿಂತು ಹಾಕಿದರೆ ಮೂರು ಪಾಯಿಂಟ್ ಸಿಗುವ ತ್ರೀ-ಪಾಯಿಂಟ್ ಗೆರೆಯನ್ನು 6.25ರಿಂದ 6.75 ಮೀಟರಿಗೆ ಒಯ್ದಿತು. ರಿಂಗಿನ ಕೆಳಗೆ ಎರಡೂ ಬದಿ ಓರೆಯಾಗಿ ಅಗಲವಾಗುತ್ತಿದ್ದ, ಕೀ ಎಂದು ಕರೆಯುವ ಚೌಕಟ್ಟು ಈಗ ನೇರ ಆಯತವಾಯಿತು. ನಮ್ಮ ಕೋರ್ಟಿನಲ್ಲಿ ಹಳೆಯ ಗೆರೆಗೆ ಸಿಮೆಂಟ್ ಬಣ್ಣ ಬಳಿದು ಹೊಸದನ್ನು ಎಳೆದರು. ಒಂದು ಮಳೆಗೆ ಆ ಬಣ್ಣ ತೊಳೆದುಹೋಗಿ ಎರಡೂ ಗೆರೆ ಕಾಣತೊಡಗಿದವು. ಅರ್ಧ ಮೀಟರ್ ಅಂದರೆ ನನ್ನ ಒಂದು ಹೆಜ್ಜೆ. ಆ ಒಂದು ಹೆಜ್ಜೆಯಲ್ಲಿ ಎಷ್ಟು ಶೂಟರ್‌ಗಳು ಕಳೆದುಹೋದರು! ನಾನು ಉಳಿದೆ. ಅಳತೆ ಬದಲಾದರೆ ಕೈ ಹೇಗೆ ಬದಲಾಯಿಸಬೇಕೆಂದು ನನಗೆ ಅಷ್ಟರಲ್ಲಿ ಎರಡು ಸಲ ಪಾಠ ಆಗಿತ್ತು.

ಡಿಗ್ರಿ ಮುಗಿದ ಮೇಲೆ ರೈಲ್ವೆಯ ಸ್ಪೋರ್ಟ್ಸ್ ಕೋಟಾ ಟ್ರಯಲ್ಸಿಗೆ ಚೆನ್ನೈಗೆ ಹೋದೆ. ಮೈದಾನದ ಪರೀಕ್ಷೆಗೆ 40 ಅಂಕ, ಅದರಲ್ಲಿ 25 ಬಂದರೆ ಫಿಟ್. ಉಳಿದದ್ದು ಸರ್ಟಿಫಿಕೇಟುಗಳ ಲೆಕ್ಕ. ಅಲ್ಲಿ ಗೋಡೆ ಬದಿ ಸಾಲಾಗಿ ನಿಂತ ಹುಡುಗಿಯರನ್ನು ನೋಡಿ ಜೀವನದಲ್ಲಿ ಮೊದಲ ಸಲ ಕತ್ತೆತ್ತಿ ಮಾತಾಡಿದೆ. ಊರಿನ ದೋಟಿ ಅಲ್ಲಿ ಗಿಡ್ಡಿ! ಶಾಲೆಯಲ್ಲಿ ನಾನು ರಿಂಗಿನ ಬುಡದಲ್ಲಿ ಬೆನ್ನು ಕೊಟ್ಟು ಆಡುವ ಸೆಂಟರ್, ಕಾಲೇಜಿನಲ್ಲಿ ಫಾರ್ವರ್ಡ್. ಐದು ಅಡಿ ಒಂಬತ್ತೂವರೆಗೆ ನಿಂತುಹೋದ ನಾನು ಇಲ್ಲಿ ಗಾರ್ಡ್ ಆಗಬೇಕಿತ್ತು, ಅಂದರೆ ಚೆಂಡು ತಂದುಕೊಡುವವಳು. ಆಗ ನೆರವಿಗೆ ಬಂದದ್ದು ಚಾವಡಿ. ಎಡಗೈಯಲ್ಲಿ, ಮೊಣಕಾಲಿನ ಕೆಳಗೆ, ತಲೆ ಎತ್ತಿಕೊಂಡೇ. "ಎಲ್ಲಿ ಕಲಿತದ್ದು?" ಎಂದು ಸೆಲೆಕ್ಟರ್ ಕೇಳಿದರು. ಅಜ್ಜಿಯ ಮಂಚ ಎಂದು ಇಂಗ್ಲಿಷಿನಲ್ಲಿ ಹೇಳಲು ಬರಲಿಲ್ಲ.

ಕೆಲಸದ ಆರ್ಡರ್ ಬಂದಾಗ ಅಪ್ಪ ಅದನ್ನು ಎರಡು ಸಲ ಓದಿದರು. ಆಗಿನ 1900 ಗ್ರೇಡ್ ಪೇಯ ಗುಮಾಸ್ತೆ. "ಆಟ ಆಡಿದ್ದಕ್ಕೆ ಸಂಬಳವಾ, ಫೈಲಿಗೆ ಸಂಬಳವಾ?" ಎಂದು ಕೇಳಿದರು. ಹದಿನಾಲ್ಕು ವರ್ಷ ಆಯಿತು, ಸರಿಯಾದ ಉತ್ತರ ಇನ್ನೂ ಗೊತ್ತಿಲ್ಲ. ನಮ್ಮಲ್ಲಿ ಪ್ರೊಫೆಷನಲ್ ಬಾಸ್ಕೆಟ್‌ಬಾಲ್ ಅಂದರೆ ಬಹುಮಟ್ಟಿಗೆ ಇದೇ: ರೈಲ್ವೆ, ಪೊಲೀಸ್, ತೆರಿಗೆ ಇಲಾಖೆ, ಬ್ಯಾಂಕ್. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ಬೆಂಗಳೂರಿನಲ್ಲಿ ಗಂಡಸರ ಒಳ್ಳೆಯ ತಂಡ ಇಟ್ಟಿತ್ತು. ನಮ್ಮ ಕಾಲೇಜಿನ ಹುಡುಗರ ಕನಸಿನ ತುದಿ ಅಮೆರಿಕದ ಲೀಗ್ ಎನ್‌ಬಿಎ ಅಲ್ಲ, ಆ ಬ್ಯಾಂಕಿನ ಜೆರ್ಸಿ. 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗಿ ಆ ಹೆಸರೇ ಹೋಯಿತು. ಲೀಗ್ ಎಂದು 2015ರಲ್ಲಿ ಯುಬಿಎ ಶುರುವಾಯಿತು, 2017ಕ್ಕೆ ನಿಂತಿತು, ಅದೂ ಗಂಡಸರಿಗೆ. ಹೆಂಗಸರಲ್ಲಿ ಹೊರದೇಶದ ಕ್ಲಬ್ಬಿಗೆ ಆಡಿದವರಲ್ಲಿ ಒಬ್ಬರು ಗೀತು ಅನ್ನಾ ಜೋಸ್. ಆಸ್ಟ್ರೇಲಿಯಾದ ರಿಂಗ್‌ವುಡ್ ಹಾಕ್ಸ್‌ಗೆ ಆಡಿ, 2011ರಲ್ಲಿ ಅಮೆರಿಕದ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎ ಟ್ರೈಔಟ್ ತನಕ ಹೋದವರು. ಅವರಿಗೂ ಅನ್ನ ಕೊಟ್ಟದ್ದು ದಕ್ಷಿಣ ರೈಲ್ವೆಯೇ.

ದಿನಚರಿ ಹೀಗೆ: ಬೆಳಿಗ್ಗೆ ಆರರಿಂದ ಎಂಟೂವರೆ ಪ್ರಾಕ್ಟೀಸ್, ಸ್ನಾನ, ಆಫೀಸು, ಮಧ್ಯಾಹ್ನ ಬಿಟ್ಟು ಬಂದು ನಾಲ್ಕರಿಂದ ಮತ್ತೆ. ಆಫೀಸಿನವರಿಗೆ ನಾವು ಆಟದವರು, ಕೋಚಿಗೆ ನಾವು ಆಫೀಸಿನವರು. ಹಬ್ಬಕ್ಕೆ ಊರಿಗೆ ಬರುವುದು ಮಂಗಳೂರು ಮೈಲಿನಲ್ಲಿ. ಸೈಡ್ ಲೋವರ್ ಸಿಕ್ಕಿದರೆ ನನ್ನ ಕಾಲು ಮಡಚಿಯೇ ಕೋಯಿಕ್ಕೋಡ್ ದಾಟಬೇಕು. ಮೊದಲ ಎರಡು ವರ್ಷ ಬೆಂಚಿನಲ್ಲಿ ಹನ್ನೆರಡನೆಯವಳು. ಇಪ್ಪತ್ತು ಪಾಯಿಂಟ್ ಮುಂದಿದ್ದಾಗ ಕೊನೆಯ ನಾಲ್ಕು ನಿಮಿಷಕ್ಕೆ ಇಳಿಸುತ್ತಿದ್ದರು. ಮೈ ತಣ್ಣಗಾಗಿರುತ್ತದೆ, ಒಂದು ತಪ್ಪು ಮಾಡಿದರೂ ಎಲ್ಲರ ಕಣ್ಣಿಗೂ ಬೀಳುತ್ತದೆ. ಬೆಂಚಿನಲ್ಲಿ ಕೂತೇ ಪಾದದ ಬೆರಳು ಅಲ್ಲಾಡಿಸುತ್ತಾ ಬಿಸಿ ಇಟ್ಟುಕೊಳ್ಳುವುದನ್ನು ಕಲಿತೆ. ಮೂರನೇ ವರ್ಷ ಹದಿನೈದು ನಿಮಿಷ ಸಿಗತೊಡಗಿತು. ಅದು ನನ್ನ ಒಳ್ಳೆಯ ಕಾಲ, ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ.

2016ರ ಕೊನೆಗೆ ಪ್ರಾಕ್ಟೀಸಿನಲ್ಲಿ, ಯಾರೂ ತಾಗದೆ, ರೀಬೌಂಡ್ ಹಿಡಿದು ಇಳಿಯುವಾಗ ಎಡ ಮೊಣಕಾಲು ಒಳಗೆ ಬಾಗಿತು. ಹಸಿ ಬಿದಿರು ಮುರಿದ ಶಬ್ದ. ಎಸಿಎಲ್, ಅಂದರೆ ಮೊಣಕಾಲಿನೊಳಗಿನ ಅಸ್ಥಿರಜ್ಜು, ಹರಿದಿತ್ತು. ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಉಳುಕು ಎಂದು ಕ್ರೇಪ್ ಬ್ಯಾಂಡೇಜ್ ಕಟ್ಟಿ ಕಳಿಸಿದರು. ಮೂರು ವಾರ ಕುಂಟಿದ ಮೇಲೆ ಎಂಆರ್‌ಐ. ಅಮ್ಮ ಊರಿನಿಂದ ಬಂದು ಎಣ್ಣೆ ತಿಕ್ಕಲು ಕೂತರು. ಹರಿದ ಅಸ್ಥಿರಜ್ಜುವಿಗೆ ಎಣ್ಣೆ ಏನು ಮಾಡೀತು, ಆದರೆ ಬೇಡ ಎನ್ನಲೂ ಮನಸ್ಸು ಬರಲಿಲ್ಲ. ಹ್ಯಾಮ್‌ಸ್ಟ್ರಿಂಗಿನ ಸ್ನಾಯುರಜ್ಜು ತೆಗೆದು ಹೊಸ ಎಸಿಎಲ್ ಮಾಡಿದರು. ಆಮೇಲೆ ಮತ್ತೆ ಟೇಪ್! ಫಿಸಿಯೋ ವಾರಕ್ಕೊಮ್ಮೆ ಎರಡೂ ತೊಡೆಗಳ ಸುತ್ತಳತೆ ತೆಗೆಯುವುದು. ಎಡದ್ದು ಮೂರು ಸೆಂಟಿಮೀಟರ್ ಕಡಿಮೆ. ಅದು ಒಂದಕ್ಕೆ ಇಳಿಯುವವರೆಗೆ ಓಡಬಾರದು, ಜಿಗಿಯಬಾರದು.

ಆ ಸ್ಥಿತಿಯಲ್ಲೇ 2017ರ ಜುಲೈಯಲ್ಲಿ ಬೆಂಗಳೂರಿಗೆ ಹೋದೆ. ಕಂಠೀರವ ಒಳಾಂಗಣದಲ್ಲಿ ಮಹಿಳಾ ಏಷ್ಯಾ ಕಪ್, ಡಿವಿಷನ್ ಬಿ ಫೈನಲ್, ಭಾರತ–ಕಜಕಸ್ತಾನ್. 75–73ಕ್ಕೆ ನಮ್ಮವರು ಗೆದ್ದರು. ಸುತ್ತಲಿನವರೆಲ್ಲ ಎದ್ದು ಕುಣಿಯುತ್ತಿದ್ದರೆ ನಾನು ಬ್ರೇಸ್ ಕಟ್ಟಿದ ಕಾಲು ಮುಂದಿನ ಸಾಲಿಗೆ ಚಾಚಿ ಕೂತೇ ಇದ್ದೆ. ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಯಾವುದು ಜಾಸ್ತಿ ಎಂದು ಹೇಳುವುದಿಲ್ಲ.

ಹತ್ತು ತಿಂಗಳಿಗೆ ಕೋರ್ಟಿಗೆ ಮರಳಿದೆ. ಜಿಗಿತ ಹೋಗಿತ್ತು, ಶಾಟ್ ಉಳಿದಿತ್ತು. ಕೊನೆಗೆ ಬದಿಗೆ ಮೂವರಂತೆ ಆಡುವ 3x3 ಕೂಡ ಆಡಿದೆ. ಅರ್ಧ ಕೋರ್ಟ್, ಹತ್ತು ನಿಮಿಷ ಅಥವಾ 21 ಪಾಯಿಂಟ್, ಶಾಟಿಗೆ 12 ಸೆಕೆಂಡ್. ಚೆಂಡಿನ ಗಾತ್ರ 6ರದ್ದು, ತೂಕ 7ರದ್ದು. ಕೈಗೆ ತೆಗೆದುಕೊಂಡಾಗ ನಕ್ಕುಬಿಟ್ಟೆ, ನನ್ನ ಇಡೀ ಕಾಲೇಜು ಒಂದೇ ಚೆಂಡಿನೊಳಗೆ. ಒಂದು ಟೂರ್ನಿಯಲ್ಲಿ ಎರಡನೇ ಸ್ಥಾನ ಬಂತು. ವೇದಿಕೆಯಲ್ಲಿ ಮಂಚದಷ್ಟು ಅಗಲದ ಥರ್ಮೋಕೋಲ್ ಚೆಕ್ ಕೊಟ್ಟು ಫೋಟೋ ತೆಗೆದರು. ಹಣ ಇವತ್ತಿನವರೆಗೆ ಬಂದಿಲ್ಲ. ಥರ್ಮೋಕೋಲ್ ಅಟ್ಟದಲ್ಲಿ ಉಂಟು.

ಈಗ ವರ್ಗ ಮಾಡಿಸಿಕೊಂಡು ಮಂಗಳೂರು ಸೆಂಟ್ರಲಿಗೆ ಬಂದಿದ್ದೇನೆ, ಪೂರ್ತಿ ಫೈಲಿನ ಕೆಲಸ. ಶನಿವಾರ-ಭಾನುವಾರ ಊರಿನ ಶಾಲೆಯ ಹುಡುಗಿಯರಿಗೆ ಕಲಿಸುತ್ತೇನೆ. ಮೊದಲ ದಿನವೇ ಅಳೆದೆ: ಈಗ ಒಂಬತ್ತು ಅಡಿ ಐದು ಇಂಚು. ಪಿಕಪ್ ನಿಂತಿಲ್ಲ. ಚಿಕ್ಕಪ್ಪನನ್ನು ಕರೆದು, ಬೋಲ್ಟ್ ಬಿಚ್ಚಿಸಿ, ಹಲಗೆಯನ್ನು ಏಳು ಇಂಚು ಮೇಲೆ ಹಾಕಿಸಿ ಹೊಸ ನೆಟ್ ಕಟ್ಟಿದೆ.

ಆವತ್ತು ಸಂಜೆ ಹುಡುಗಿಯರು ಎಸೆದದ್ದೆಲ್ಲ ಮುಂದಂಚಿಗೆ ಬಡಿದು ಟಣ್ ಟಣ್ ಎಂದು ವಾಪಸು ಬಂತು. ಅರ್ಧ ಗಂಟೆ ನೋಡಿದೆ. ಅವರಲ್ಲಿ ಚೆನ್ನಾಗಿ ಆಡುವವಳು, ಏಳನೇ ಕ್ಲಾಸಿನವಳು, ಮುಖ ಸಣ್ಣ ಮಾಡಿಕೊಂಡು ಬಂದಳು.

"ಅಕ್ಕ, ರಿಂಗ್ ಹಾಳಾಗಿದೆ. ಮೊದಲಿನ ಹಾಗೆ ಮಾಡಿಸಿ ಕೊಡಿ."

ಚಿಕ್ಕಪ್ಪ ಇನ್ನೂ ಹೋಗಿರಲಿಲ್ಲ, ಕಟ್ಟೆಯಲ್ಲಿ ಕೂತು ಬೊಂಡ ಕುಡಿಯುತ್ತಿದ್ದರು. ಸ್ಪ್ಯಾನರ್ ಎತ್ತಿ ನನ್ನ ಕಡೆ ನೋಡಿದರು: "ಎಂತ, ಇಳಿಸುವುದಾ?"