ಟ್ಯೂಬ್‌ಲೆಸ್ ಸೈಕಲ್ ಪಂಕ್ಚರ್ ಆಯ್ತಾ? ಮುಳ್ಳು ಕೀಳುವ ಮುಂಚೆ ಇದನ್ನು ಓದಿ

ಬೆಳಿಗ್ಗೆ ಆರು ಗಂಟೆ. ದೇವನಹಳ್ಳಿ ದಾಟಿ ನಂದಿ ಬೆಟ್ಟದ ಕಡೆ ಹೊರಟಿದ್ದೀರಿ. ಹಿಂದಿನ ಚಕ್ರದಿಂದ 'ಸುಸ್ಸ್' ಅಂತ ಸದ್ದು, ನೋಡಿದರೆ ಮೀನಖಂಡದ ಮೇಲೆಲ್ಲ ಬಿಳಿ ಹನಿ ಸಿಡಿದಿದೆ. ಅದು ಸೀಲೆಂಟ್, ಅಂದರೆ ಟ್ಯೂಬ್ ಇಲ್ಲದ ಟೈರಿನೊಳಗೆ ತೂತು ಮುಚ್ಚಲೆಂದೇ ಹಾಕಿಡುವ ದ್ರವ, ಹೆಚ್ಚಾಗಿ ರಬ್ಬರ್ ಹಾಲಿನಿಂದ ಮಾಡಿದ್ದು. ಹೊರಗೆ ಬರುತ್ತಿದೆ ಅಂದರೆ ತೂತು ಮುಚ್ಚುವ ಕೆಲಸ ಶುರುವಾಗಿದೆ ಅಂತಲೇ ಅರ್ಥ. ಗಾಬರಿ ಬೇಡ, ಸೈಕಲ್ ನಿಲ್ಲಿಸಿ.

ನಿಲ್ಲಿಸಿದ ಕೂಡಲೇ ಎಲ್ಲರ ಕೈಯೂ ಮುಳ್ಳಿಗೇ ಹೋಗುತ್ತದೆ. ಕೀಳಬೇಡಿ. ಕೆರೆ ಏರಿ, ಬಯಲು ದಾರಿಗಳಲ್ಲಿ ಚುಚ್ಚುವ ಬಳ್ಳಾರಿ ಜಾಲಿ ಮುಳ್ಳು ಒಳಗಿರುವ ತನಕ ಅದೇ ತೂತಿಗೆ ಬಿರಡೆ. ಗಾಳಿ ಹೋಗುತ್ತಿಲ್ಲ ಅಂದರೆ ಹಾಗೇ ಮನೆ ತನಕ ಬನ್ನಿ. ಉದ್ದ ಮೊಳೆಯಾದರೆ ಮಾತ್ರ ಕೀಳಲೇಬೇಕು, ಇಲ್ಲದಿದ್ದರೆ ಅದು ಒಳಗೆ ಗಾಳಿ ಸೋರದಂತೆ ರಿಮ್ಮಿಗೆ ಅಂಟಿಸಿದ ಟೇಪನ್ನೂ ಹರಿಯಬಹುದು.

ಗಾಳಿ ಹೋಗುತ್ತಿದ್ದರೆ ಚಕ್ರ ತಿರುಗಿಸಿ ತೂತನ್ನು ನೆಲದ ಕಡೆ ತನ್ನಿ. ಸೀಲೆಂಟ್ ನೀರಿನ ಹಾಗೆ, ತಗ್ಗಿನಲ್ಲಿ ನಿಲ್ಲುತ್ತದೆ. ತೂತು ಮೇಲಿದ್ದರೆ ಅದಕ್ಕೆ ಸಿಗುವುದೇ ಇಲ್ಲ. ಒಂದೆರಡು ನಿಮಿಷ ಹಾಗೇ ಬಿಡಿ, ಬೆರಳಿನಿಂದ ಒತ್ತಿ ಹಿಡಿದರೂ ಸರಿ. ಗುಳ್ಳೆ ಬರುತ್ತಾ ಬರುತ್ತಾ ದಪ್ಪಗಾಗಿ, ಕೊನೆಗೆ ಒಂದು ಬಿಳಿ ಚುಕ್ಕೆಯಾಗಿ ನಿಂತುಬಿಡುತ್ತದೆ. ಆಮೇಲೆ ಪಂಪ್ ಮಾಡಿ, ಆದರೆ ಮೊದಲಿನಷ್ಟು ತುಂಬಬೇಡಿ. 70 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಟ್ಟುಕೊಂಡು ಬಂದಿದ್ದರೆ ಸದ್ಯಕ್ಕೆ 45 ಸಾಕು, ಒತ್ತಡ ಜಾಸ್ತಿಯಾದರೆ ಆಗ ತಾನೇ ಕೂತ ಬಿರಡೆ ಹಾರಿಹೋಗುತ್ತದೆ.

ಇದಕ್ಕೂ ನಿಲ್ಲದಿದ್ದರೆ ಬತ್ತಿ, ಅಂದರೆ ಪ್ಲಗ್. ಟೈರಿನಲ್ಲಿ ಸ್ವಲ್ಪ ಗಾಳಿ ಇರುವಾಗಲೇ ಹಾಕಿ, ಮೆತ್ತಗಾದ ಟೈರಿಗೆ ಸೂಜಿ ನುಗ್ಗುವುದಿಲ್ಲ. ಕವಲು ಸೂಜಿಗೆ ಅಂಟಂಟಾದ ಬತ್ತಿ ಪೋಣಿಸಿ, ಎರಡೂ ತುದಿ ಒಂದು ಸೆಂಟಿಮೀಟರಿನಷ್ಟು ಹೊರಗೆ ಉಳಿಯುವ ತನಕ ಒಳಗೆ ಒತ್ತಿ, ಸೂಜಿಯನ್ನು ತಿರುಚದೆ ಸರಕ್ಕನೆ ಎಳೆಯಿರಿ. ಉಳಿದ ತುದಿಯನ್ನು ಪೂರ್ತಿ ಕತ್ತರಿಸಬೇಡಿ, ಮೂರು ನಾಲ್ಕು ಮಿಲಿಮೀಟರ್ ಬಿಡಿ.

ಒಂದು ಎಚ್ಚರಿಕೆ ಇದೆ, ನನಗೆ ಆಗಿದ್ದು. ದಾರಿಯಲ್ಲಿ ಸಿಕ್ಕ ಪಂಕ್ಚರ್ ಅಂಗಡಿಯಲ್ಲಿ ಅಣ್ಣ ಪಾಪ ಸಹಾಯ ಮಾಡೋಣ ಅಂತಲೇ ಸ್ಕೂಟರ್ ಟೈರಿನ ಕಿಟ್ ತಂದು, ಅದರ ಅರ (ಉಜ್ಜುವ ಹಲ್ಲು) ಇರುವ ಸೂಜಿಯನ್ನು ಎರಡು ಸಲ ಒಳಗೆ ಹೊರಗೆ ಮಾಡಿದರು. ಸೂಜಿಮೊನೆಯಷ್ಟಿದ್ದ ತೂತು ಪೆನ್ಸಿಲ್ ಹೋಗುವಷ್ಟಾಯಿತು. ಸ್ಕೂಟರ್ ಟೈರ್ ದಪ್ಪ, ಅದಕ್ಕೆ ಅದು ಸರಿ. ಸೈಕಲ್ ಟೈರಿನ ಒಳಗಿರುವುದು ತೆಳು ನೂಲಿನ ಹೆಣಿಗೆ, ಅರ ಅದನ್ನು ಕತ್ತರಿಸಿಬಿಡುತ್ತದೆ. ಸೈಕಲ್ಲಿಗೆ ಅಂತಲೇ 1.5ರಿಂದ 3.5 ಮಿ.ಮೀ. ದಪ್ಪದ ಬತ್ತಿ ಸಿಗುತ್ತದೆ, ಅದನ್ನೇ ಬ್ಯಾಗಿನಲ್ಲಿ ಇಟ್ಟುಕೊಳ್ಳಿ.

ಟೈರಿನ ಪಕ್ಕ ಹರಿದಿದ್ದರೆ ಬತ್ತಿಯೂ ಸಾಲದು. ಆಗ ಟ್ಯೂಬೇ ಗತಿ. ಟ್ಯೂಬ್‌ಲೆಸ್ ಹಾಕಿಸಿದ ಮೇಲೂ ಒಂದು ಟ್ಯೂಬ್ ಜೊತೆಗಿರಲಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ವಾಲ್ವಿನ ನಟ್ ಬಿಚ್ಚಿ ವಾಲ್ವ್ ತೆಗೆಯಿರಿ. ಟ್ಯೂಬ್ ಕೂರಿಸುವ ಮುಂಚೆ ಟೈರಿನ ಒಳಗೆ ಒಂದು ಬಟ್ಟೆ ಆಡಿಸಿ, ಸುತ್ತ ಪೂರ್ತಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಸೀಲೆಂಟ್ ಮುಚ್ಚಿದ್ದರಿಂದ ನಿಮಗೆ ಗೊತ್ತೇ ಆಗದ ಹಳೇ ಮುಳ್ಳುಗಳು ಒಂದಲ್ಲ, ನಾಲ್ಕೈದು ಇರಬಹುದು. ಒಂದು ಉಳಿದರೂ ಹೊಸ ಟ್ಯೂಬ್ ಹತ್ತು ನಿಮಿಷ ಬಾಳುವುದಿಲ್ಲ. ಹರಿದ ಜಾಗಕ್ಕೆ ಒಳಗಿನಿಂದ ಹಳೇ ಟೈರಿನ ತುಂಡೋ ಟೂತ್‌ಪೇಸ್ಟ್ ಟ್ಯೂಬಿನ ತುಂಡೋ ಇಡಿ. ಟೈರನ್ನು ವಾಲ್ವಿನ ಎದುರು ಬದಿಯಿಂದ ಕೂರಿಸುತ್ತಾ ಬಂದು ವಾಲ್ವಿನ ಹತ್ತಿರ ಮುಗಿಸಿ. ಹಾಗೆ ಮಾಡಿದರೆ ಟೈರಿನ ಅಂಚು ರಿಮ್ಮಿನ ನಡುವಿನ ತಗ್ಗಿಗೆ ಇಳಿದು, ಕೊನೆಯ ಗೇಣು ಸಲೀಸಾಗಿ ಕೂರುತ್ತದೆ.

ಮನೆಗೆ ಬಂದ ಮೇಲೆ ದೊಡ್ಡ ತೂತಿಗೆ ಒಳಗಿನಿಂದ ಪ್ಯಾಚ್ ಹಾಕಿ. ತೊಳೆದು, ಒಣಗಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಒಣಗುವ ತನಕ ಕಾದು ಪ್ಯಾಚ್ ಒತ್ತಿ.

ಇಷ್ಟೆಲ್ಲ ನಡೆಯಬೇಕಾದರೆ ಒಳಗೆ ಸೀಲೆಂಟ್ ಹಸಿಯಾಗಿ ಇರಬೇಕು, ಅಲ್ವಾ? ಅದು ಸಾಮಾನ್ಯವಾಗಿ ಎರಡರಿಂದ ಆರು ತಿಂಗಳಲ್ಲಿ ಒಣಗುತ್ತದೆ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಇನ್ನೂ ಬೇಗ. ಚಕ್ರ ಬಿಚ್ಚಿ ಕಿವಿಯ ಹತ್ತಿರ ಕುಲುಕಿ ನೋಡಿ. ಅರ್ಧ ನೀರಿರುವ ಎಳನೀರಿನ ಹಾಗೆ ಸದ್ದು ಬಂದರೆ ಸರಿ. ಏನೂ ಕೇಳದಿದ್ದರೆ ಗಾಳಿ ಬಿಟ್ಟು, ವಾಲ್ವಿನ ಒಳಗಿನ ಕೋರ್ ಬಿಚ್ಚಿ, ರೋಡ್ ಬೈಕ್ ಟೈರಿಗೆ 30ರಿಂದ 60 ಮಿ.ಲೀ., ಎಂಟಿಬಿಗೆ (ಮೌಂಟನ್ ಬೈಕ್) 100ರ ಆಸುಪಾಸು ಹೊಸದು ಹಾಕಿ. ಬಿಚ್ಚಿದ ಕೋರಿಗೆ ಒಣಗಿದ ರಬ್ಬರ್ ಮೆತ್ತಿಕೊಂಡಿರುತ್ತದೆ, ಅದನ್ನೂ ಕಿತ್ತು ತೆಗೆಯಿರಿ. ಪಂಪ್ ಮಾಡಿದರೂ ಗಾಳಿ ಒಳಗೆ ಹೋಗುವುದಿಲ್ಲ ಅನ್ನುವವರ ಸೈಕಲ್ಲಿನಲ್ಲಿ ಹೆಚ್ಚಿನ ಸಲ ಕಟ್ಟಿಕೊಂಡಿರುವುದು ಅದೇ.