ಕೊಟ್ಟಿಗೆಯಲ್ಲಿ ಐದು ನಿಮಿಷ ಸುಮ್ನೆ ನಿಲ್ಲಿ

ಬೆಳಗ್ಗೆ ಐದು ಗಂಟೆಗೆ ಕೊಟ್ಟಿಗೆ ಬಾಗಿಲು ತೆಗೆದ ಕೂಡಲೇ ಲೈಟು ಹಾಕಬೇಡಿ. ಒಂದು ನಿಮಿಷ ಕತ್ತಲಲ್ಲೇ ನಿಲ್ಲಿ. ಮೊದಲು ಹಸುಗಳ ಉಸಿರು ಕೇಳಿಸುತ್ತದೆ. ಆಮೇಲೆ ಮೆಲುಕು ಹಾಕುವ ಸದ್ದು. ಒಂದು ಏಳುತ್ತದೆ, ಮೈ ಮುರಿಯುತ್ತದೆ, ದಬದಬ ಅಂತ ಸಗಣಿ ಹಾಕುತ್ತದೆ. ಹೊರಗೆ ಕಾಜಾಣ ಆಗಲೇ ಕೂಗಲು ಶುರು ಮಾಡಿರುತ್ತದೆ. ಅದು ಕೋಳಿಗಿಂತ ಮುಂಚೆ ಏಳುವ ಹಕ್ಕಿ. ಇಷ್ಟನ್ನು ಕೇಳಿಸಿಕೊಂಡು ಆಮೇಲೆ ಸ್ವಿಚ್ ಒತ್ತಿ.

ನಮ್ಮದು ಮದ್ದೂರು ಕಡೆಯ ಊರು. ನಾನು ಮದುವೆಯಾಗಿ ಬಂದು 48 ವರ್ಷ ಆಯಿತು. ಆಗ ಮನೆಯಲ್ಲಿ ಎರಡು ನಾಟಿ ಹಸು, ಒಂದು ಜೊತೆ ಹಳ್ಳಿಕಾರ್ ಎತ್ತು. ಈಗ ಎತ್ತು ಇಲ್ಲ. ಐದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನುವ ಸೀಮೆ ಹಸು) ಇವೆ, ಒಂದು ಜೆರ್ಸಿ ಇದೆ. ಕಿರಿ ಸೊಸೆ ಮೈಸೂರಿನ ಪೇಟೆ ಹುಡುಗಿ. ಬಂದ ಹೊಸದರಲ್ಲಿ ಒಂದು ದಿನ ಸಗಣಿ ಬುಟ್ಟಿ ಕೆಳಗಿಟ್ಟು, "ಅತ್ತೆ, ಈ ಕೆಲಸ ಮುಗಿಯೋದೇ ಇಲ್ವಾ?" ಅಂದಳು. ಇಲ್ಲ ಕಣವ್ವ, ಮುಗಿಯಲ್ಲ ಅಂದೆ. ಹಾಲಿನ ಕೆಲಸಕ್ಕೆ ಭಾನುವಾರ ಇಲ್ಲ. ಹಬ್ಬಕ್ಕೂ ರಜಾ ಇಲ್ಲ, ಮನೆಯಲ್ಲಿ ಸಾವಾದರೂ ರಜಾ ಇಲ್ಲ. ಮುಗಿಯದ ಕೆಲಸವನ್ನು ಓಡಿ ಓಡಿ ಮಾಡಿದರೆ ಕಾಲು ನೋವು ಬರುತ್ತದೆ, ಅಷ್ಟೇ. ನಡುನಡುವೆ ನಿಂತು ಸುತ್ತ ನೋಡಬೇಕು. ಅದು ಸೋಮಾರಿತನ ಅಲ್ಲ. ಅದೂ ಕೆಲಸವೇ ಅಂತ ನಾನು ಕಲಿತದ್ದು ಒಂದು ಹಸುವಿನ ಮೊಲೆ ಕಳೆದುಕೊಂಡ ಮೇಲೆ.

ಆಗ ನನಗೆ ಮೂವತ್ತರ ಹತ್ತಿರ. ಗೌರಿ ಅಂತ ಒಂದು ಹಸು. ಮಕ್ಕಳನ್ನು ಸ್ಕೂಲಿಗೆ ಕಳಿಸುವ ಗಡಿಬಿಡಿ, ಒಲೆ ಮೇಲೆ ಮುದ್ದೆಗೆ ಎಸರು, ಡೈರಿಗೆ ಹೊತ್ತಾಯಿತು ಅನ್ನುವ ಭಯ. ಮೂರು ದಿನದಿಂದ ಅದು ಹಿಂದಿನ ಕಾಲನ್ನು ಸ್ವಲ್ಪ ಅಗಲ ಇಟ್ಟು ನಿಲ್ಲುತ್ತಿತ್ತು. ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಬೀಳಲಿಲ್ಲ. ನಾಲ್ಕನೇ ದಿನ ಕೆಚ್ಚಲು ಕಲ್ಲಾಗಿ, ಹಾಲು ಗಟ್ಟಿಗಟ್ಟಿ ಬಂತು. ಕೆಚ್ಚಲು ಬಾವು. ಔಷಧಿ ಮಾಡಿದೆವು, ಹಸು ಉಳಿಯಿತು. ಆದರೆ ಒಂದು ಮೊಲೆ ಶಾಶ್ವತವಾಗಿ ಬತ್ತಿಹೋಯಿತು. ನಮ್ಮತ್ತೆ ಬಯ್ಯಲಿಲ್ಲ. "ನೀನು ಹಸ ನೋಡ್ತಾ ಇಲ್ಲ, ಬರೀ ಚೊಂಬು ನೋಡ್ತಾ ಇದ್ದೀಯ" ಅಂದರು. ಬಯ್ದಿದ್ದರೆ ಇಷ್ಟೊತ್ತಿಗೆ ಮರೆತುಹೋಗುತ್ತಿತ್ತು.

ಅದಕ್ಕೇ ಹೇಳುವುದು, ಮೊದಲು ಮೂಗು ನೋಡಿ. ಚೆನ್ನಾಗಿರುವ ಹಸುವಿನ ಮೂಗಿನ ಮೇಲೆ ಸಣ್ಣ ಸಣ್ಣ ಹನಿ ಕೂತಿರುತ್ತವೆ, ಬೆಳಗಿನ ಹೊತ್ತು ಕೆಸುವಿನೆಲೆ ಮೇಲೆ ಇಬ್ಬನಿ ಕೂತ ಹಾಗೆ. ಒಣಗಿದ್ದರೆ ಜ್ವರವಿದೆಯಾ ನೋಡಿ. ಆಮೇಲೆ ಮೆಲುಕು. ನಾನು ಎಣಿಸುತ್ತೇನೆ, ನಗಬೇಡಿ. ಒಂದು ತುತ್ತು ಗಂಟಲಿಂದ ಮೇಲೆ ಬಂದರೆ ಐವತ್ತು ಅರವತ್ತು ಸಲ ಅಗಿಯುತ್ತದೆ, ನುಂಗುತ್ತದೆ. ಒಂದು ಕ್ಷಣ ಬಾಯಿ ಸುಮ್ಮನಿರುತ್ತದೆ. ಇನ್ನೊಂದು ತುತ್ತು ಕುತ್ತಿಗೆಯಲ್ಲಿ ಮೇಲೇರುವುದು ಕಾಣುತ್ತದೆ. ದಿನಕ್ಕೆ ಏಳೆಂಟು ಗಂಟೆ ಅದಕ್ಕೆ ಇದೇ ಕೆಲಸ. ಅಗಿಯುವುದು ಅರ್ಧಕ್ಕರ್ಧ ಕಡಿಮೆಯಾಯಿತು ಅಂದರೆ ಹೊಟ್ಟೆಯಲ್ಲಿ ಏನೋ ಸರಿಯಿಲ್ಲ. ಬೇರೇನೂ ಕಾಯಿಲೆ ಕಾಣುವ ಮುಂಚೆ ಇದು ಕಾಣುತ್ತದೆ. ಎಣಿಸುವುದು ನನಗೆ ಜಪ ಇದ್ದ ಹಾಗೆ. ಬೇರೆ ಜಪ ನಾನು ಮಾಡುವುದಿಲ್ಲ.

ಹಾಲು ಕರೆಯುವಾಗ ಫೋನು ಬೇಡ. ನನ್ನ ಮಗ ಇಯರ್‌ಫೋನ್ ಹಾಕದೆ ಜೋರಾಗಿ ರೀಲ್ಸ್ ಇಟ್ಟುಕೊಂಡು ಕರೆಯುತ್ತಿದ್ದ. ಯಾರೋ ಕಿರುಚುವುದು, ನಾಯಿ ಬೊಗಳುವುದು, ಪಟಾಕಿ. ಹಸು ಬೆಚ್ಚಿದರೆ ಹಾಲು ಇಳಿಸುವುದಿಲ್ಲ, ತಡೆಹಿಡಿಯುತ್ತದೆ. ಕೆಚ್ಚಲು ತೊಳೆದು ಒರೆಸಿದ ಮೇಲೆ ಅದು ಹಾಲು ಇಳಿಸುವುದು ಐದರಿಂದ ಏಳು ನಿಮಿಷ ಮಾತ್ರ. ಅಷ್ಟರಲ್ಲಿ ಕರೆದು ಮುಗಿಸಬೇಕು. ಮೊದಲ ಎರಡು ಮೂರು ಧಾರೆಯನ್ನು ಕ್ಯಾನಿಗೆ ಬಿಡಬೇಡಿ, ನೆಲಕ್ಕೂ ಬಿಡಬೇಡಿ. ಒಂದು ಕಪ್ಪು ಬಟ್ಟಲು ಇಟ್ಟುಕೊಳ್ಳಿ. ಅದಕ್ಕೆ ಕರೆದರೆ ಬಿಳಿ ಗಸಿ, ತುಣುಕು ಏನಿದ್ದರೂ ಎದ್ದು ಕಾಣುತ್ತದೆ. ಗೌರಿಯ ಕಾಲದಲ್ಲಿ ಈ ಬಟ್ಟಲು ಇದ್ದಿದ್ದರೆ ಅಂತ ಈಗಲೂ ಅನಿಸುತ್ತದೆ. ಕರೆದಾದ ಮೇಲೆ ಹಸು ಮಲಗದಂತೆ ಮುಂದೆ ಮೇವು ಹಾಕಿ. ಮೊಲೆಯ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ನಿಂತು ತಿನ್ನಲಿ.

ಆ ಅರ್ಧ ಗಂಟೆ ನನ್ನದು. ಮಗ ಕ್ಯಾನ್ ತೆಗೆದುಕೊಂಡು ಡೈರಿಗೆ ಹೋಗಿರುತ್ತಾನೆ. ಸೂರ್ಯ ಕಬ್ಬಿನ ಗದ್ದೆ ಆಚೆಯಿಂದ ಏಳುತ್ತಾನೆ. ತಿಪ್ಪೆಯಿಂದ ಹಬೆ ಏಳುತ್ತದೆ. ತಿಪ್ಪೆಯ ಹಬೆಗೂ ಚಂದ ಇದೆ ಅಂದರೆ ಪೇಟೆಯವರು ನಂಬಲ್ಲ, ಬಿಡಿ. ಒಳಗೆ ಗೊಬ್ಬರ ಕಳಿಯುತ್ತಿದೆ ಅಂತ ಅದರ ಅರ್ಥ. ಹಬೆ ಬರದಿದ್ದರೆ ಒಣಗಿದೆ. ಗಂಜಲ ಸುರಿದು ಒಂದು ಸಲ ಮಗುಚಿ ಹಾಕಿ.

ನಮ್ಮದು ನಾಲೆ ನೀರಿನ ಸೀಮೆ. ಬೆಳಗ್ಗೆ ಪೇಪರ್ ಬಂದರೆ ನಮ್ಮ ಮನೆಯವರು ಮೊದಲು ನೋಡುವುದು ಕಟ್ಟೆಯಲ್ಲಿ ಎಷ್ಟು ಅಡಿ ನೀರು ಅಂತ. ಕೆಆರ್‌ಎಸ್ ತುಂಬಿತು ಅಂದರೆ 124.80 ಅಡಿ. ಮಂಡ್ಯದ ಮಕ್ಕಳಿಗೆ ಮಗ್ಗಿ ಬರದಿದ್ದರೂ ಈ ಲೆಕ್ಕ ಬರುತ್ತದೆ. ನಾಲೆಗೆ ನೀರು ಬಿಟ್ಟ ದಿನ ಕಾಲುವೆ ಪಕ್ಕ ಹೋಗಿ ನಿಲ್ಲಿ. ಒಣಗಿ ಬಿರುಕು ಬಿಟ್ಟ ಮಣ್ಣಿನ ಮೇಲೆ ನೀರು ಮೊದಲು ಹರಿಯುವಾಗ ಮೂತಿಗೆ ನೊರೆ ಕಟ್ಟಿಕೊಂಡು, ಕಸಕಡ್ಡಿ ತಳ್ಳಿಕೊಂಡು ನಿಧಾನ ಬರುತ್ತದೆ. ಅದರ ಮುಂದೆ ಮುಂದೆ ಹುಳಹುಪ್ಪಟೆ ಓಡುತ್ತವೆ. ಅವುಗಳ ಹಿಂದೆ ಬೆಳ್ಳಕ್ಕಿ. ಎಲ್ಲಿತ್ತೋ ಏನೋ, ಹತ್ತು ನಿಮಿಷದಲ್ಲಿ ನೂರು ಹಕ್ಕಿ.

ಬೆಳ್ಳಕ್ಕಿಯನ್ನು ಓಡಿಸಬೇಡಿ. ಹಸು ಮೇಯುವಾಗ ಕಾಲಿಗೆ ಸಿಕ್ಕಿ ಎಗರುವ ಮಿಡತೆ, ನೊಣ ಅದಕ್ಕೆ ಊಟ. ಹಸುವಿನ ನೆರಳಲ್ಲೇ ನಡೆಯುತ್ತದೆ. ಒಂದೇ ಒಂದು ಸಲವೂ ಕಾಲಡಿ ಸಿಕ್ಕಿದ್ದು ನಾನು ನೋಡಿಲ್ಲ. ಮುಂಗಾರಿನಲ್ಲಿ ಅದರ ತಲೆ ಕುತ್ತಿಗೆ ಅರಿಶಿನ ಬಳಿದ ಹಾಗೆ ಬಣ್ಣ ತಿರುಗುತ್ತದೆ, ಮದುವೆಗೆ ರೆಡಿ ಆದ ಹಾಗೆ. ಹಕ್ಕಿ ಜೊತೆ ಬಾಳುವುದು ನಮ್ಮ ತಾಲ್ಲೂಕಿಗೆ ಹೊಸದಲ್ಲ. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಹಿತ್ತಲಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ. ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಗೊಬ್ಬರಕ್ಕೆ ಹಾಕುತ್ತಾರೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಮಾಡಿದರು. ಸೊಸೆಯನ್ನು ಒಂದು ಸಲ ಕರೆದುಕೊಂಡು ಹೋಗಿದ್ದೆ. ಅವಳು ಫೋಟೋ ತೆಗೆದಳು, ನಾನು ಗೊಬ್ಬರ ನೋಡಿದೆ.

ನೀರಿನ ತೊಟ್ಟಿ ವಿಷಯ ಮರೆಯುವ ಮುಂಚೆ ಹೇಳುತ್ತೇನೆ. ಒಂದು ಲೀಟರ್ ಹಾಲು ಕೊಡಲು ಹಸುವಿಗೆ ಮೂರು ನಾಲ್ಕು ಲೀಟರ್ ನೀರು ಬೇಕು. ಹಾಲಿನಲ್ಲಿ 87 ಭಾಗ ನೀರೇ ಅಲ್ವಾ. ಆದ್ದರಿಂದ ತೊಟ್ಟಿ ಯಾವಾಗಲೂ ತುಂಬಿರಲಿ. ಹದಿನೈದು ದಿನಕ್ಕೊಮ್ಮೆ ಉಜ್ಜಿ ತೊಳೆದು ಒಳಗೆ ಸುಣ್ಣ ಬಳಿದರೆ ಪಾಚಿ ಕಟ್ಟುವುದು ಕಡಿಮೆ. ತೊಟ್ಟಿಯ ಮೂಲೆಯಲ್ಲಿ ಒಂದು ದಪ್ಪ ಕಲ್ಲು ಇಡಿ, ನೀರಿನಿಂದ ಸ್ವಲ್ಪ ಮೇಲೆ ಬರಲಿ. ಜೇನು, ಗುಬ್ಬಚ್ಚಿ ಅದರ ಮೇಲೆ ಕೂತು ಕುಡಿಯುತ್ತವೆ, ಜಾರಿ ಬಿದ್ದರೆ ಹತ್ತಿ ಬದುಕುತ್ತವೆ. ಸತ್ತ ಹುಳ ತೇಲುವ ನೀರನ್ನು ಹಸು ಮೂಸಿ ಬಿಟ್ಟುಬಿಡುತ್ತದೆ. ಜೇನಿಗೆ ಇಟ್ಟ ಕಲ್ಲಿನಿಂದ ನಮ್ಮ ಹಾಲೂ ಉಳಿಯುತ್ತದೆ.

ಮೊದಲ ಮಳೆಯ ಸಂಭ್ರಮ ಯಾರಿಗಿಲ್ಲ? ಭರಣಿಯೋ ಕೃತ್ತಿಕೆಯೋ ಹೊಯ್ದ ಮಾರನೇ ವಾರ ಬದುವಿನ ಮೇಲೆ ಹುಲ್ಲು ಚಿಗುರುತ್ತದೆ. ಹಸುಗಳು ಹಗ್ಗ ಎಳೆದುಕೊಂಡು ಓಡುತ್ತವೆ. ಹಸಿರು ಕಂಡು ನಮಗೂ ಖುಷಿ. ಇಲ್ಲಿಯೇ ಎಡವುವುದು. ಆರು ತಿಂಗಳು ಒಣಹುಲ್ಲು ತಿಂದ ಹೊಟ್ಟೆಗೆ ಇಬ್ಬನಿ ಹಿಡಿದ ಎಳೆ ಹುಲ್ಲು ಒಮ್ಮೆಲೇ ತುಂಬಿದರೆ ಹೊಟ್ಟೆ ಉಬ್ಬರಿಸುತ್ತದೆ. ಎಡ ಪಕ್ಕ ತಮಟೆ ಹಾಗೆ ಬಿಗಿಯುತ್ತದೆ. ಹಾಗಾದರೆ ಮನೆಮದ್ದು ಅಂತ ಹೊತ್ತು ಕಳೆಯಬೇಡಿ. ದನಗಳ ಆಸ್ಪತ್ರೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಡಾಕ್ಟರನ್ನು ಕರೆಸಿ. ಹಾಗಾಗದಿರಲು ಬೆಳಗ್ಗೆ ಮೊದಲು ಎರಡು ಹಿಡಿ ಒಣಹುಲ್ಲು ತಿನ್ನಿಸಿ, ಬಿಸಿಲು ಬಂದು ಇಬ್ಬನಿ ಆರಿದ ಮೇಲೆ ಬಿಡಿ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ದಂಟನ್ನಂತೂ ಹಾಕಲೇಬೇಡಿ, ಅದರಲ್ಲಿ ವಿಷ ಇರುತ್ತದೆ. ಹೂ ಬಿಟ್ಟ ಮೇಲೆ ಕೊಯ್ದು ಹಾಕಿ.

ಮಳೆಗಾಲದಲ್ಲಿ ಡೈರಿಯಲ್ಲಿ ಫ್ಯಾಟ್ ಬರಲಿಲ್ಲ ಅಂತ ಎಲ್ಲರೂ ಗೊಣಗುತ್ತಾರೆ. ಬರೀ ಎಳೆ ಹುಲ್ಲು ತಿಂದರೆ ಹಾಲು ಜಾಸ್ತಿ, ಜಿಡ್ಡು ಕಡಿಮೆ. ನಾರು ಬೇಕು. ಒಣಹುಲ್ಲು ಸೇರಿಸಿದರೆ ವಾರದಲ್ಲಿ ಸರಿಹೋಗುತ್ತದೆ. ಆದರೆ ಆ ತಿಂಗಳುಗಳಲ್ಲಿ ಮನೆಗೆ ಇಟ್ಟುಕೊಂಡ ಹಾಲಿನ ಬೆಣ್ಣೆ ತೆಗೆದು ನೋಡಿ. ಸಂಪಿಗೆ ಹೂವಿನ ಹಾಗೆ ಹಳದಿ. ಬೇಸಿಗೆಯಲ್ಲಿ ಅದೇ ಹಸುವಿನ ಬೆಣ್ಣೆ ಬೆಳ್ಳಗೆ. ಹಸಿರಿನ ಬಣ್ಣ ಬೆಣ್ಣೆಗೆ ಇಳಿಯುತ್ತದೆ. ನಾನು ಬೆಣ್ಣೆಯ ಉಂಡೆ ನೋಡಿ ಆ ವರ್ಷ ಮೇವು ಹೇಗಿತ್ತು ಹೇಳಬಲ್ಲೆ. ಎಮ್ಮೆ ಬೆಣ್ಣೆಯಲ್ಲಿ ಈ ಆಟ ನಡೆಯಲ್ಲ, ಅದು ಯಾವಾಗಲೂ ಬಿಳಿ.

ಬೇಸಿಗೆಗೆ ಹೊಂಗೆ. ಶೀಟು ಹಾಕಿದ ಕೊಟ್ಟಿಗೆ ಮಧ್ಯಾಹ್ನ ಒಲೆ ಆಗಿರುತ್ತದೆ. ಎಚ್‌ಎಫ್ ಹಸುಗಳಿಗೆ ಸೆಕೆ ತಡೆಯಲ್ಲ, ನಾಲಿಗೆ ಚಾಚಿ ಏದುಸಿರು ಬಿಡುತ್ತವೆ. ಮರದಡಿ ಕಟ್ಟಿ. ಯುಗಾದಿ ಹೊತ್ತಿಗೆ ಎಲ್ಲ ಮರ ಬೋಳಾಗಿ ನಿಂತಾಗ ಹೊಂಗೆ ಹೊಸ ಎಲೆ ಹೊದ್ದು ನಿಂತಿರುತ್ತದೆ. ನಮ್ಮ ಮಾವ ನೆಟ್ಟ ಮರ. ಅದರ ಹೂವು ಉದುರಿ ಹಸುವಿನ ಬೆನ್ನ ಮೇಲೆಲ್ಲ ಬಿದ್ದಿರುತ್ತದೆ. ಹೊಂಗೆ ನೆರಳು ಇಲ್ಲದವರು ಶೀಟಿನ ಮೇಲೆ ಕಬ್ಬಿನ ಸೋಗೆ ಹೊದಿಸಿ, ನೀರು ಚಿಮುಕಿಸಿ.

ಸಂಜೆ ಸೊಳ್ಳೆಗೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತೀರಲ್ಲ, ಸ್ವಲ್ಪ ಸಾಕು. ಕಣ್ಣು ಉರಿಯುವಷ್ಟು ಹಾಕಿ ಕಿಟಕಿ ಮುಚ್ಚಿದರೆ ಕರುಗಳಿಗೆ ಕೆಮ್ಮು ಹಿಡಿಯುತ್ತದೆ. ಹೊಗೆ ಆರಿದ ಮೇಲೆ ಕರೆಂಟು ಹೋಗಿದ್ದರೆ ಬೇಲಿ ಕಡೆ ನೋಡಿ, ಮಿಂಚುಹುಳ ಇರುತ್ತವೆ. ಕರೆಂಟು ಹೋಗಿದ್ದಕ್ಕೆ ನಾನು ಖುಷಿ ಪಡುವುದು ಆಗ ಮಾತ್ರ.

ಹಸು ಈದ ದಿನ ಗಿಣ್ಣಿನ ಆಸೆ ಎಲ್ಲರಿಗೂ. ಮೊದಲು ಕರುವಿಗೆ. ಹುಟ್ಟಿದ ಒಂದು ಗಂಟೆಯೊಳಗೆ ಹೊಟ್ಟೆ ತುಂಬ ಗಿಣ್ಣು ಹಾಲು ಕುಡಿಯಬೇಕು. ಒಂದು ದಿನ ಕಳೆದರೆ ಅದರ ಶಕ್ತಿ ಕರುವಿನ ಮೈಗೆ ಹತ್ತುವುದಿಲ್ಲ. ಕರು ಕುಡಿದು ಮಿಕ್ಕಿದ್ದು ನಮ್ಮದು. ಮೊದಲ ದಿನದ್ದು ತುಂಬ ಗಟ್ಟಿ. ಸಮಪಾಲು ಮಾಮೂಲಿ ಹಾಲು ಬೆರೆಸಿ, ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ. ಇಲ್ಲದಿದ್ದರೆ ರಬ್ಬರ್ ಆಗುತ್ತದೆ. ಅಕ್ಕಪಕ್ಕದ ಮನೆಗೆ ಒಂದು ತುಂಡು ಹೋಗಲೇಬೇಕು. ಅವರು ಪಾತ್ರೆ ಖಾಲಿ ವಾಪಸ್ ಕೊಡಬಾರದು, ಅದೂ ಪದ್ಧತಿಯೇ. ಈದ ಹಸು ಕರುವನ್ನು ನೆಕ್ಕುವುದನ್ನು ಮನೆಯ ಮಕ್ಕಳು ನೋಡಲಿ. ಹೋಂವರ್ಕ್ ಆಮೇಲೆ ಮಾಡಿಕೊಳ್ಳಲಿ.

ಸಂಕ್ರಾಂತಿಗೆ ಮೈ ತೊಳೆದು, ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿಯಿರಿ. ಕಿಚ್ಚು ಹಾಯಿಸುವುದಕ್ಕೆ ಮಾತ್ರ ಗಬ್ಬದ ಹಸುವನ್ನು, ಹೆದರುವ ಹಸುವನ್ನು ಎಳೆದೊಯ್ಯಬೇಡಿ. ಪೂಜೆ ಮಾಡಿ ಅಂಗಳದಲ್ಲೇ ಕಟ್ಟಿ. ಊರಲ್ಲಿ ನಾಲ್ಕು ಜನ ಏನಾದರೂ ಅನ್ನುತ್ತಾರೆ, ಅನ್ನಲಿ.

ಕೊನೆಗೆ ಕ್ಯಾಲೆಂಡರ್. ಕೊಟ್ಟಿಗೆ ಗೋಡೆಗೆ ಒಂದು ದೊಡ್ಡ ಕ್ಯಾಲೆಂಡರ್ ನೇತುಹಾಕಿ, ಪೆನ್ನು ಕಟ್ಟಿ. ಯಾವ ಹಸು ಯಾವತ್ತು ಬೆದೆಗೆ ಬಂತು ಬರೆಯಿರಿ, 21 ದಿನಕ್ಕೆ ಮತ್ತೆ ನೋಡಬೇಕಲ್ಲ. ಗಬ್ಬಕ್ಕೆ ಇಂಜೆಕ್ಷನ್ ಮಾಡಿಸಿದ ತಾರೀಕು ಬರೆಯಿರಿ, ಈಯುವ ದಿನಕ್ಕೆ ಅಲ್ಲಿಂದ 280 ದಿನ ಎಣಿಸಿ. ಅದೇ ಚೌಕದಲ್ಲಿ ದಿನಕ್ಕೊಂದು ಸಾಲು, ಅವತ್ತು ಕಣ್ಣಿಗೆ ಬಿದ್ದಿದ್ದು ಏನಾದರೂ ಸರಿ, ಬರೆಯಿರಿ. "ಗೀಜಗ ಗೂಡು ಶುರು ಮಾಡಿತು." "ಮಂಜು, ಪಕ್ಕದ ಗದ್ದೆ ಕಾಣಲಿಲ್ಲ." "ಜೆರ್ಸಿ ಸುಮ್ನೆ ನನ್ನ ಕೈ ನೆಕ್ಕಿತು." ಸೊಸೆ ಮೊದಲು ನಗುತ್ತಿದ್ದಳು. ಈಗ ಅವಳೇ ಜಾಸ್ತಿ ಬರೆಯುತ್ತಾಳೆ, ನನಗೆ ಜಾಗ ಉಳಿಸುವುದಿಲ್ಲ.

ಹೋದ ದಸರಾ ರಜೆಗೆ ಬೆಂಗಳೂರಿಂದ ಮಗಳ ಮಗ ಬಂದಿದ್ದ. ನೀನೂ ಒಂದು ಸಾಲು ಬರೆಯಪ್ಪ ಅಂದೆ. ದಪ್ಪ ಅಕ್ಷರದಲ್ಲಿ "ಕರು ನನ್ನ ಚಡ್ಡಿ ತಿಂತು" ಅಂತ ಬರೆದ. ಎಲ್ಲರೂ ನಕ್ಕರು. ಸೊಸೆ ನಗಲಿಲ್ಲ. "ಅತ್ತೆ, ಮೊನ್ನೆ ಅದು ಗೋಡೆ ನೆಕ್ತಾ ಇತ್ತು, ಇವತ್ತು ಬಟ್ಟೆ. ಜಂತಿನ ಔಷಧಿ ಹಾಕಿಸಿ ಎಷ್ಟು ದಿನ ಆಯ್ತು?" ಅಂತ ಕ್ಯಾಲೆಂಡರ್ ಹಿಂದಕ್ಕೆ ತಿರುಗಿಸಿದಳು. ನಾಲ್ಕು ತಿಂಗಳಾಗಿತ್ತು. ಮಾರನೇ ದಿನವೇ ಡಾಕ್ಟರನ್ನು ಕೇಳಿ ಔಷಧಿ ಕುಡಿಸಿ, ಮೇವಿಗೆ ಖನಿಜ ಮಿಶ್ರಣ ಸೇರಿಸಲು ಶುರು ಮಾಡಿದೆವು. ಚಡ್ಡಿಯ ಅರ್ಧ ಗೋದಲಿಯ ಹಿಂದೆ ಸಿಕ್ಕಿತು. ಇನ್ನರ್ಧ ಎರಡು ದಿನದ ಮೇಲೆ ಸಗಣಿಯಲ್ಲಿ ಬಂತು.